ಕತ್ತಿಯ ಬುಡದ ಹೆಸರು

ನಮ್ಮ ಕರಾವಳಿಯ ಹಳೆಯ ಮನೆಯೊಂದರ ಮಾಡಿನಿಂದ ಒಂದು ಹಂಚನ್ನು ಇಳಿಸಿ ಮಗುಚಿ ನೋಡಿದರೆ ಅದರ ಮೈಮೇಲೆ ಅಚ್ಚೊತ್ತಿದ ಅಕ್ಷರಗಳು ಕಾಣಸಿಗುವುದುಂಟು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮುಂದೆ ಮಲ್ಪೆಯಲ್ಲಿಯೂ ಅವರ ಕಾರ್ಖಾನೆ ನಡೆಯಿತು. ಯಾರು ಮಾಡಿದರು, ಎಲ್ಲಿ ಮಾಡಿದರು ಎಂಬ ಎರಡು ಪ್ರಶ್ನೆಗಳಿಗೂ ಹಂಚು ತಾನಾಗಿಯೇ ಉತ್ತರ ಕೊಡುತ್ತದೆ. ಆದರೆ ಅದೇ ಮಾಡಿನ ಕೆಳಗೆ, ಅಟ್ಟದ ಮರದ ಪೆಟ್ಟಿಗೆಯೊಳಗೆ, ಹಳೆಯ ಪಂಚಾಂಗಗಳ ನಡುವೆ ಬಿದ್ದಿರುವ ಕ್ಷೌರದ ಕತ್ತಿ ಅಷ್ಟು ಸರಳವಾಗಿ ಬಾಯಿ ಬಿಡುವುದಿಲ್ಲ.

ನಾನು ಹೇಳುತ್ತಿರುವುದು ಹಿಡಿಯೊಳಗೆ ಮಡಚಿಕೊಳ್ಳುವ, ಬೆರಳಗಲದ ಅಲಗಿನ ಹಳೆಯ ಕತ್ತಿಯ ವಿಷಯ. ಅಮೆರಿಕದ ಜಿಲೆಟ್ ಎಂಬಾತನು 1904ರಲ್ಲಿ ಹಕ್ಕುಪತ್ರ ಪಡೆದ ಸೇಫ್ಟಿ ರೇಜರು ಲೋಕವನ್ನೆಲ್ಲ ವ್ಯಾಪಿಸಿದ ಮೇಲೆ ಇದು ಮನೆಗಳಿಂದ ಮರೆಯಾಗತೊಡಗಿತು. ಕ್ಷೌರದ ಅಂಗಡಿಗಳಲ್ಲಿ ಮಾತ್ರ ಬಹುಕಾಲ ಉಳಿದುಕೊಂಡಿತ್ತು. ಈಗ ಅಲ್ಲಿಯೂ ಪ್ರತಿಯೊಬ್ಬರಿಗೂ ಹೊಸ ಬ್ಲೇಡನ್ನು ಸಿಕ್ಕಿಸುವ ಕತ್ತಿಯೇ ಬಂದಿರುವುದರಿಂದ ಹಳೆಯದು ಕೇವಲ ಪುರಾತನ ವಸ್ತುವಾಗಿ ಹೋಗಿದೆ. ಉಡುಪಿಯಲ್ಲಾಗಲಿ ಕಾರ್ಕಳದಲ್ಲಾಗಲಿ ಇಂಥದೊಂದು ಕೈಗೆ ಸಿಕ್ಕಿದವರು ಮೊದಲು ಕೇಳುವ ಪ್ರಶ್ನೆ ಒಂದೇ: ಇದನ್ನು ಮಾಡಿದವರು ಯಾರು?

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಕರ್ತೃವಿನ ಹೆಸರಿಲ್ಲದ ಓಲೆಗರಿಯ ಕಟ್ಟೊಂದು ಕೈಸೇರಿದಾಗ ನಮ್ಮ ವಿದ್ವಾಂಸರು ಕೇಳುತ್ತ ಬಂದದ್ದೂ ಇದನ್ನೇ ಅಲ್ಲವೆ? ವಚನದ ಕೊನೆಯಲ್ಲಿ ಕೂಡಲಸಂಗಮದೇವನೆಂದಿದ್ದರೆ ಅದು ಬಸವಣ್ಣನವರದು. ಹಾಡಿನ ಕೊನೆಯಲ್ಲಿ ಹಯವದನನೆಂದಿದ್ದರೆ ಉಡುಪಿಯ ಅಷ್ಟಮಠಗಳಲ್ಲೊಂದಾದ ಸೋದೆಯ ಮಠದ ವಾದಿರಾಜರದು. ಕತ್ತಿಗೂ ಇಂಥ ಅಂಕಿತವೊಂದುಂಟು. ಅಲಗು ಮುಗಿದು ಹಿಡಿಯ ಕೀಲು ತೊಡಗುವ ನಡುವೆ ಹೆಬ್ಬೆರಳಿಡುವಷ್ಟು ದಪ್ಪನಾದ ಒಂದು ಭಾಗವಿರುತ್ತದೆ. ಅದನ್ನು ಕತ್ತಿಯ ಬುಡವೆಂದು ಕರೆಯೋಣ. ತಯಾರಕರ ಹೆಸರು, ಊರು, ಗುರುತು ಇವೆಲ್ಲ ಅಚ್ಚಾಗಿರುವುದು ಅಲ್ಲಿಯೇ.

ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ಎಂಬ ಎರಡು ಊರುಗಳು ಈ ಉದ್ಯಮದ ತವರುಮನೆಗಳು. ಶೆಫೀಲ್ಡಿನ ಕತ್ತಿಗಾರರ ಸಂಘವು 1624ರಲ್ಲಿಯೇ ಶಾಸನಬದ್ಧವಾಗಿ ಸ್ಥಾಪಿತವಾಯಿತು. ಪ್ರತಿಯೊಬ್ಬ ಕುಶಲಕರ್ಮಿಯೂ ತನ್ನ ಗುರುತನ್ನು ಅಲ್ಲಿ ದಾಖಲು ಮಾಡಿಸಬೇಕಾಗಿತ್ತು. ಒಬ್ಬನ ಗುರುತನ್ನು ಇನ್ನೊಬ್ಬನು ಹಾಕುವಂತಿರಲಿಲ್ಲ. ಅಲ್ಲಿನ ಜೋಸೆಫ್ ರಾಜರ್ಸ್ ಮನೆತನಕ್ಕೆ 1764ರಲ್ಲಿ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಗಳ ಗುರುತು ದೊರೆಯಿತು. ಅತ್ತ ಸೋಲಿಂಗೆನ್ನಿನಲ್ಲಿ ಹೆಂಕೆಲ್ಸ್ ಮನೆತನದವರು 1731ರಲ್ಲಿಯೇ ಜೋಡಿ ಮಕ್ಕಳ ಚಿತ್ರವನ್ನು ತಮ್ಮ ಗುರುತಾಗಿ ನಮೂದಿಸಿದ್ದರು. ಅಕ್ಷರಗಳು ಸವೆದುಹೋದರೂ ಇಂಥ ಚಿತ್ರದ ಒಂದು ಅಂಚು ಉಳಿದಿದ್ದರೆ ಸಾಕು, ಅರ್ಧ ಕೆಲಸವಾದಂತೆ.

ಅರ್ಧವೆಂದೆನೇ ಹೊರತು ಪೂರ್ತಿ ಎನ್ನಲಿಲ್ಲ. ಏಕೆಂದರೆ ಬುಡದಲ್ಲಿರುವ ಹೆಸರೆಲ್ಲ ಮಾಡಿದವನ ಹೆಸರಲ್ಲ. ಅದು ಕೆಲವೊಮ್ಮೆ ಸರಕನ್ನು ತರಿಸಿ ಮಾರಿದ ಅಂಗಡಿಯವನದಾಗಿರುತ್ತದೆ. ಮತ್ತೆ ಕೆಲವೊಮ್ಮೆ ಬರಿಯ ಬಣ್ಣದ ಮಾತಾಗಿರುತ್ತದೆ. ಕತ್ತಿಯೊಂದರ ಮೇಲೆ ‘ಬೆಂಗಾಲ್’ ಎಂದಿರುವುದನ್ನು ಕಂಡು ಅದು ಬಂಗಾಳದಲ್ಲಿ ತಯಾರಾದುದೆಂದು ಭಾವಿಸಿದರೆ ಮೋಸಹೋದಂತೆಯೇ. ಅದು ಶೆಫೀಲ್ಡಿನ ಕ್ಯಾಡ್‌ಮನ್ ಎಂಬ ಮನೆತನದವರು ತಮ್ಮ ಕತ್ತಿಗಳಿಗೆ ಇಟ್ಟ ಮಾರಾಟದ ಹೆಸರು. ಬಂಗಾಳಕ್ಕಿಂತ ಕೊನೆಯಲ್ಲಿ ಒಂದು ಎಲ್ ಅಕ್ಷರ ಅದಕ್ಕೆ ಹೆಚ್ಚು. ಇನ್ನು ‘ಸಿಲ್ವರ್ ಸ್ಟೀಲ್’ ಎಂದು ಕೊರೆದಿರುವ ಕತ್ತಿಗಳ ಪಾಡೂ ಅಷ್ಟೆ. ಹೆಸರಿನಲ್ಲಿರುವ ಬೆಳ್ಳಿ ಎಷ್ಟೋ ವೇಳೆ ಉಕ್ಕಿನಲ್ಲಿರುವುದಿಲ್ಲ.

ಇವೆಲ್ಲಕ್ಕಿಂತ ಕಠಿಣವಾದದ್ದು ಬೇಕೆಂದೇ ಮಾಡಿದ ಅನುಕರಣೆ. ಹೆಸರಾದ ಊರಿನ ಹೆಸರನ್ನು ಬೇರೆಡೆಯ ಸರಕಿನ ಮೇಲೆ ಒತ್ತಿ ಮಾರುವ ಹಾವಳಿ ಹತ್ತೊಂಬತ್ತನೆಯ ಶತಮಾನದಲ್ಲಿ ಎಷ್ಟು ಬೆಳೆಯಿತೆಂದರೆ, ಅದನ್ನು ತಡೆಯಲು 1887ರಲ್ಲಿ ಬ್ರಿಟನ್ನಿನಲ್ಲಿ, 1889ರಲ್ಲಿ ನಮ್ಮ ದೇಶದಲ್ಲಿ ಸರಕು ಗುರುತುಗಳ ಕಾಯಿದೆಗಳನ್ನೇ ಮಾಡಬೇಕಾಯಿತು. ಸೋಲಿಂಗೆನ್ನಿನ ಹೆಸರಿಗೆ ಅಂಥ ವಿಶೇಷ ರಕ್ಷಣೆ ಬಂದದ್ದು 1938ರಲ್ಲಿ.

ಸುಳ್ಳು ಹೆಸರಿನ ಮಾತು ಹಾಗಿರಲಿ. ನಿಜವಾದ ಹೆಸರೇ ಸುಳ್ಳು ಹೇಳುವ ಪ್ರಸಂಗವೂ ಉಂಟು. ಜೋಸೆಫ್ ರಾಜರ್ಸ್ ಸಂಸ್ಥೆಯು ಡಬ್ಲ್ಯು. ಎನ್. ರಾಜರ್ಸ್ ಎಂಬ ಇನ್ನೊಂದು ಸಂಸ್ಥೆಯ ಮೇಲೆ ಹೂಡಿದ ವ್ಯಾಜ್ಯ 1924ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂತು. ನ್ಯಾಯಮೂರ್ತಿ ರೋಮರ್ ಅವರ ತೀರ್ಮಾನದ ಸಾರವಿಷ್ಟು: ಪ್ರಾಮಾಣಿಕನಾದ ಮನುಷ್ಯ ತನ್ನ ಸ್ವಂತ ಹೆಸರಿನಲ್ಲಿ ವ್ಯಾಪಾರ ನಡೆಸಬಹುದು. ಆದರೆ ಸರಕಿನ ಮೇಲೆ ಒತ್ತಿದ ಹೆಸರು ಕೊಳ್ಳುವವನನ್ನು ಇದು ಬೇರೊಬ್ಬರ ಸರಕೆಂದು ನಂಬಿಸುವಂತಿದ್ದರೆ, ಅದು ಅವನ ಸ್ವಂತ ಹೆಸರೇ ಆಗಿದ್ದರೂ ಸಲ್ಲದು. ಹೆಸರು ಒಂದು, ಅದರ ಹಿಂದಿರುವ ಕೈ ಇನ್ನೊಂದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಈ ವಿವೇಕ ಎಷ್ಟು ಆವಶ್ಯಕವೆಂಬುದಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇನೆ. ಕಾಪುವಿನ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ತನ್ನ ಅಜ್ಜನ ಕತ್ತಿಯನ್ನು ತಂದು ತೋರಿಸಿದ. ಅಜ್ಜ ಮುಂಬಯಿಯಲ್ಲಿ ಹೋಟೆಲಿನ ಕೆಲಸಕ್ಕಿದ್ದಾಗ ಕೊಂಡದ್ದು, ಅಪ್ಪಟ ರಾಜರ್ಸ್ ಎಂದು ಮನೆಯಲ್ಲೆಲ್ಲ ಮಾತು. ಕಡಲ ಗಾಳಿಯ ಉಪ್ಪಿಗೆ ಉಕ್ಕು ಬೇಗನೆ ಸೋಲುತ್ತದೆ. ಬುಡದ ಮೇಲೆ ತುಕ್ಕು ಸಣ್ಣ ಸಣ್ಣ ಗುಳಿಗಳನ್ನು ತೋಡಿತ್ತು. ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲನೆ ಒರಸಿ, ತೆಳುಕಾಗದವನ್ನು ಹೊದಿಸಿ, ಶಾಸನದ ಪಡಿಯಚ್ಚು ತೆಗೆಯುವವರ ಹಾಗೆ ಸೀಸದಕಡ್ಡಿಯಿಂದ ಉಜ್ಜಿದಾಗ ಹೆಸರಿನ ಕೊನೆಯ ನಾಲ್ಕು ಇಂಗ್ಲಿಷ್ ಅಕ್ಷರಗಳು ಮೇಲೆದ್ದವು: ಜಿ, ಇ, ಆರ್, ಎಸ್. ಅದರ ಕೆಳಗೆ ಶೆಫೀಲ್ಡ್ ಎಂದೂ ಇಂಗ್ಲೆಂಡ್ ಎಂದೂ ಇದ್ದಿತು. ಮುಂದಿನ ಅಕ್ಷರಗಳಿರಬೇಕಾದ ಜಾಗವನ್ನೂ ನಕ್ಷತ್ರ ಶಿಲುಬೆಗಳಿರಬೇಕಾದ ಜಾಗವನ್ನೂ ತುಕ್ಕು ತಿಂದುಹಾಕಿತ್ತು.

“ಹಾಗಾದರೆ ಇದು ರಾಜರ್ಸ್ ಅಲ್ಲವೇ ಸರ್?” ಎಂದು ಹುಡುಗ ಪೆಚ್ಚುಮುಖ ಮಾಡಿದ.

“ಅಲ್ಲವೆಂದು ನಾನು ಹೇಳಿದೆನೆ ಮಾರಾಯ? ಹೌದೆಂದು ಕತ್ತಿ ಹೇಳುತ್ತಿಲ್ಲ, ಅಷ್ಟೆ” ಎಂದೆ.

ಅಷ್ಟರಿಂದ ಕತ್ತಿ ಮೂಕವಾಯಿತೆಂದು ತಿಳಿಯಬೇಕಾಗಿಲ್ಲ. ಅಮೆರಿಕವು ತನ್ನಲ್ಲಿಗೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು 1891ರಿಂದ ಕಡ್ಡಾಯ ಮಾಡಿತು. ಆ ಬಳಿಕ ಊರಿನ ಜೊತೆಗೆ ದೇಶದ ಹೆಸರನ್ನೂ ಒತ್ತುವುದು ತಯಾರಕರಲ್ಲಿ ವಾಡಿಕೆಯಾಯಿತು. ಆದ್ದರಿಂದ ಇಂಗ್ಲೆಂಡ್ ಎಂದಿರುವ ಕತ್ತಿ ಬಹುಮಟ್ಟಿಗೆ ಅದರ ಈಚಿನದು. ಹಾಗೆಂದು ದೇಶದ ಹೆಸರಿಲ್ಲದ್ದೆಲ್ಲ ಅದಕ್ಕಿಂತ ಹಿಂದಿನದೆಂದು ತಿರುಗಿಸಿ ವಾದಿಸಲಾಗದು. ಅರಸರ ಹೆಸರಿನ ಮೊದಲ ಅಕ್ಷರಗಳೂ ಕಾಲವನ್ನು ಸೂಚಿಸುತ್ತವೆ. ಕಿರೀಟದ ಎರಡು ಬದಿಗೆ ವಿ ಮತ್ತು ಆರ್ ಎಂದಿದ್ದರೆ ಅದು 1837ರಿಂದ 1901ರವರೆಗೆ ಆಳಿದ ವಿಕ್ಟೋರಿಯಾ ರಾಣಿಯ ಕಾಲ. ವಿ ಇರುವಲ್ಲಿ ಡಬ್ಲ್ಯು ಇದ್ದರೆ ಅವಳಿಗಿಂತ ಹಿಂದೆ 1830ರಿಂದ ಆಳಿದ ವಿಲಿಯಂ ದೊರೆಯ ಕಾಲ.

ಅಕ್ಷರಗಳಲ್ಲದೆ ಮೈಕಟ್ಟಿನ ಸಾಕ್ಷ್ಯವೂ ಇದೆ. ಹಳೆಯ ಕಾಲದ ಅಲಗನ್ನು ಅಡ್ಡಲಾಗಿ ಕತ್ತರಿಸಿದರೆ ಮರ ಸೀಳುವ ಬೆಣೆಯಂತೆ ತುಂಬಿಕೊಂಡಿರುತ್ತದೆ. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಅಲಗಿನ ಎರಡು ಕೆನ್ನೆಗಳನ್ನೂ ದುಂಡುಗಲ್ಲಿನಲ್ಲಿ ತೇದು ಒಳಸರಿಸುವ ಕ್ರಮ ಬಲವಾಯಿತು. ಹಿಡಿಯು ಕೊಂಬಿನದೋ ದಂತದದೋ ಆಗಿದ್ದರೆ ಸೊಗಸೇನೋ ಸರಿ. ಆದರೆ ಅದರ ಸಾಕ್ಷ್ಯ ದುರ್ಬಲವಾದದ್ದು. ಬಿದ್ದು ಒಡೆದ ಹಿಡಿಯನ್ನು ಬದಲಾಯಿಸುವುದು ಸುಲಭ. ಓಲೆಗರಿಯ ಕಟ್ಟಿಗೆ ಹೊಸ ಹಲಗೆ ಹಾಕಿದ ಮಾತ್ರಕ್ಕೆ ಕಾವ್ಯ ಹೊಸತಾಗುವುದಿಲ್ಲವಷ್ಟೆ. ಸೆಲ್ಯುಲಾಯ್ಡಿನ ಹಿಡಿಯಿದ್ದರೆ ಆ ಹಿಡಿ 1870ಕ್ಕಿಂತ ಹಿಂದಿನದಲ್ಲವೆಂದಷ್ಟೇ ಹೇಳಬಹುದು. ಅಲಗು ಅದಕ್ಕಿಂತ ಹಿರಿದಾಗಿರಲೂಬಹುದು. ಕಾಪುವಿನ ಕತ್ತಿ ಶೆಫೀಲ್ಡಿನ ಹೆಸರು ಹೊತ್ತದ್ದು, ಒಳತೇದ ಅಲಗಿನದು, 1890ರ ಈಚಿನದು. ಇಷ್ಟನ್ನು ಧೈರ್ಯವಾಗಿ ಬರೆದಿಡಬಹುದು. ಹೆಸರಿನ ಮುಂದೆ ಮಾತ್ರ ಪ್ರಶ್ನಾರ್ಥಕ ಚಿಹ್ನೆಯೇ ಇರತಕ್ಕದ್ದು.

ಈ ಸಂಯಮ ಬರಿಯ ಪಂಡಿತರ ಹಟವೆಂದು ಯಾರಾದರೂ ನಕ್ಕಾರು. ಅಂಥವರು ಕಾರ್ಕಳ ತಾಲೂಕಿನ ನಂದಳಿಕೆಯನ್ನು ನೆನೆಯಬೇಕು. ಆ ಊರಿನ ಲಕ್ಷ್ಮೀನಾರಣಪ್ಪ (1870–1901) ಉಡುಪಿಯಲ್ಲಿಯೂ ಕುಂದಾಪುರದಲ್ಲಿಯೂ ಶಾಲೆಯ ಉಪಾಧ್ಯಾಯನಾಗಿದ್ದುಕೊಂಡು ಕಾವ್ಯಗಳನ್ನು ಬರೆದ. ಬರೆದವನು ತಾನೆಂದು ಹೇಳಿಕೊಳ್ಳದೆ ಹಿಂದಿನ ಕವಿಯೊಬ್ಬನ ಕೃತಿಗಳೆಂಬಂತೆ ಅವನ್ನು ಮೈಸೂರಿನ ಪತ್ರಿಕೆಗೆ ಕಳಿಸಿಕೊಟ್ಟ. ಶ್ರೀರಾಮಾಶ್ವಮೇಧದಲ್ಲಿ ಹಳಗನ್ನಡದ ಉಡುಗೆ ತೊಟ್ಟು ನಿಂತ ಮುದ್ದಣ ಮನೋರಮೆಯರ ಸರಸ ಸಂವಾದದಲ್ಲಿ ಹೊಸ ಕಾಲದ ಉಸಿರಾಡುತ್ತಿದೆ ಎಂಬುದನ್ನು ಇಂದಿನ ವಿದ್ಯಾರ್ಥಿಯೂ ಗುರುತಿಸಬಲ್ಲ. ಕತ್ತಿಯ ಅಂಗಡಿಯಲ್ಲಿ ಸಣ್ಣವನು ದೊಡ್ಡವನ ಹೆಸರನ್ನು ಲಾಭಕ್ಕಾಗಿ ಹೊತ್ತುಕೊಂಡರೆ, ಇಲ್ಲಿ ನಿಜವಾಗಿ ದೊಡ್ಡವನಾದವನು ಇಲ್ಲದ ಒಬ್ಬ ಹಳಬನ ಹಿಂದೆ ಸಂಕೋಚದಿಂದ ಅಡಗಿದ. ಮೂವತ್ತೊಂದರ ಪ್ರಾಯದಲ್ಲಿ ಕ್ಷಯರೋಗ ಅವನನ್ನು ಕೊಂಡೊಯ್ದಿತು. ಹೊದಿಕೆಯ ಮೇಲಣ ಹೆಸರನ್ನೇ ನಂಬಿ ವಿದ್ವಾಂಸರು ಸುಮ್ಮನಾಗಿದ್ದರೆ ಮುದ್ದಣನೆಂಬ ಕವಿ ನಮಗೆ ಇರುತ್ತಲೇ ಇರಲಿಲ್ಲ. ಕರ್ತೃತ್ವದ ಪ್ರಶ್ನೆ ಒಬ್ಬ ಮನುಷ್ಯನಿಗೆ ಸಲ್ಲಬೇಕಾದ ಋಣದ ಪ್ರಶ್ನೆ ಎನ್ನುವುದು ಇದಕ್ಕಾಗಿ.

ಇನ್ನು ಉಕ್ಕಿನ ವಿಚಾರ. ಇದರಲ್ಲಿ ಕನ್ನಡಕ್ಕೇ ಸಲ್ಲಬೇಕಾದ ಋಣವೊಂದಿದೆ. ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು 1794ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಇಲ್ಲಿನ ಉಕ್ಕಿನ ಮಾದರಿಗಳನ್ನು ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಬರೆದ. ಆ ಬರಹಗಳಲ್ಲಿ ಈ ಉಕ್ಕಿಗೆ ‘ವೂಟ್ಜ್’ ಎಂದು ಹೆಸರು. ಅದೇ ಕಾಲದ ಲಂಡನ್ನಿನ ಕತ್ತಿಗಾರ ಜೇಮ್ಸ್ ಸ್ಟೋಡಾರ್ಟನು ತನ್ನ ಕ್ಷೌರದ ಕತ್ತಿಗಳೂ ಶಸ್ತ್ರವೈದ್ಯರ ಉಪಕರಣಗಳೂ ಭಾರತದ ಈ ಉಕ್ಕಿನಿಂದಾದವು, ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚು ಹಾಕಿಸಿದ್ದ. ಮುಂದೆ ಅವನೂ ಮೈಕೆಲ್ ಫ್ಯಾರಡೆಯೂ ಜೊತೆಗೂಡಿ ಉಕ್ಕಿಗೆ ಬೆಳ್ಳಿ ಮೊದಲಾದ ಲೋಹಗಳನ್ನು ಬೆರಸಿ ಮಾಡಿದ ಪ್ರಯೋಗಗಳು 1820 ಮತ್ತು 1822ರಲ್ಲಿ ಪ್ರಕಟವಾದವು. ಮೇಲೆ ಹೇಳಿದ ‘ಸಿಲ್ವರ್ ಸ್ಟೀಲ್’ ಎಂಬ ಮಾತು ಜನಪ್ರಿಯವಾದದ್ದು ಆ ಬಳಿಕ.

ಈ ವೂಟ್ಜ್ ಎಂದರೆ ಏನು? ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಹೊರತಂದ ಹಾಬ್ಸನ್-ಜಾಬ್ಸನ್ ಎಂಬ ಕೋಶದಲ್ಲಿ ಇದಕ್ಕೆ ಉತ್ತರವಿದೆ: ಕನ್ನಡದ ‘ಉಕ್ಕು’ ಎಂಬ ಮಾತನ್ನು ಯಾರೋ ‘ವೂಕ್’ ಎಂದು ಬರೆದುಕೊಂಡಿರಬೇಕು, ಮುಂದಿನವರು ಅದನ್ನು ತಪ್ಪಾಗಿ ಓದಿ ‘ವೂಟ್ಜ್’ ಮಾಡಿರಬೇಕು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ತುಳುವರ ಭೂತಾರಾಧನೆಯ ಸಾಹಿತ್ಯವನ್ನು ಸಂಗ್ರಹಿಸಿದ ಬರ್ನೆಲನೇ ಈತ. ಲಿಪಿಕಾರನ ಒಂದು ಪ್ರಮಾದ ಲೋಕದ ಲೋಹಶಾಸ್ತ್ರದಲ್ಲಿ ಶಾಶ್ವತ ಪದವಾಗಿ ನಿಂತುಬಿಟ್ಟಿತು! ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಸಂಚಾರ ಮಾಡುತ್ತ ಮೈಸೂರು ಸೀಮೆಯಲ್ಲಿ ಈ ಉಕ್ಕನ್ನು ಮಾಡುವ ರೀತಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿಯ ಕಟ್ಟಿಗೆ, ಹಸಿ ಎಲೆ ಇವನ್ನಿಟ್ಟು ಬಾಯಿಮುಚ್ಚಿ ಕುಲುಮೆಗೊಡ್ಡುತ್ತಿದ್ದರು. ಅದೇ ಸಂಚಾರದಲ್ಲಿ ಅವನು ನಮ್ಮ ಕಾರ್ಕಳಕ್ಕೂ ಬಂದಿದ್ದ. ಲಂಡನ್ನಿನ ಕತ್ತಿಗಾರನ ಹೆಸರು ಉಳಿದಿದೆ, ಪರೀಕ್ಷಿಸಿದ ವಿದ್ವಾಂಸರ ಹೆಸರೂ ಉಳಿದಿದೆ. ಮೂಸೆಯ ಮುಂದೆ ಬೆವರಿಳಿಸಿದವನ ಹೆಸರನ್ನು ಯಾವ ಕತ್ತಿಯ ಬುಡವೂ ಹೇಳದು.

ಶೆಫೀಲ್ಡಿನಲ್ಲಿಯಾದರೂ ಸ್ಥಿತಿ ಬೇರೆಯಾಗಿತ್ತೆ? ಅಲ್ಲಿ ಕಾಯಿಸಿ ಬಡಿಯುವವನೊಬ್ಬ, ಹದ ಹಾಕುವವನೊಬ್ಬ, ತೇಯುವವನೊಬ್ಬ, ಹಿಡಿ ಕೂಡಿಸುವವನು ಮತ್ತೊಬ್ಬ. ಹಲವರು ಬಾಡಿಗೆಯ ಕೋಣೆಯಲ್ಲಿ ತಮ್ಮಷ್ಟಕ್ಕೆ ದುಡಿಯುವ ಸಣ್ಣ ಕಸುಬುದಾರರು. ದೊಡ್ಡ ಸಂಸ್ಥೆಗಳು ಅವರಿಂದ ಕೆಲಸ ಮಾಡಿಸಿಕೊಂಡು ತಮ್ಮ ಹೆಸರನ್ನು ಒತ್ತುತ್ತಿದ್ದವು. ತೇಯುವವರ ಪಾಡು ಹೇಳತೀರದು. ಒಣಗಲ್ಲಿನ ಧೂಳು ಎದೆಯನ್ನು ತುಂಬಿ ಎಳೆಯ ಪ್ರಾಯದಲ್ಲಿಯೇ ಅವರನ್ನು ಕೊಲ್ಲುತ್ತಿತ್ತು. ಆ ಊರಿನ ವೈದ್ಯ ಕ್ಯಾಲ್ವರ್ಟ್ ಹಾಲೆಂಡ್ 1843ರಲ್ಲಿ ಅವರ ಶ್ವಾಸಕೋಶದ ರೋಗದ ಬಗೆಗೆ ಪುಸ್ತಕವನ್ನೇ ಬರೆದ. ಹೀಗಿರುವಲ್ಲಿ ಬುಡದ ಹೆಸರನ್ನು ಓದಿ ‘ಇದನ್ನು ಮಾಡಿದವನು ಇಂಥವನು’ ಎನ್ನುವಾಗ ನಾವು ಹೇಳುವುದು ಯಜಮಾನನ ಹೆಸರನ್ನೇ ಹೊರತು ಮಾಡಿದವನದನ್ನಲ್ಲ.

ನಮ್ಮ ಕಾರ್ಕಳದ ಬೆಟ್ಟದ ಮೇಲೆ ಇದಕ್ಕೊಂದು ಮಹಾನಿದರ್ಶನ ನಿಂತಿದೆ. ಗೊಮ್ಮಟನ ಬಳಿಯ ಶಾಸನ, ವೀರಪಾಂಡ್ಯ ಅರಸನು 1432ರಲ್ಲಿ ಆ ಮೂರ್ತಿಯನ್ನು ಸ್ಥಾಪಿಸಿದನೆಂದು ಹೇಳುತ್ತದೆ. ಉಳಿ ಹಿಡಿದವನ ಸುದ್ದಿ ಬೇಕಾದರೆ ತುಳುವಿನ ಪಾಡ್ದನವನ್ನು ಕೇಳಬೇಕು. ಕಲ್ಕುಡನೆಂಬ ಶಿಲ್ಪಿ ಅದನ್ನು ಕಡೆದನೆಂದೂ, ಇಂಥದನ್ನು ಇನ್ನೆಲ್ಲಿಯೂ ಮಾಡದಿರಲೆಂದು ಅರಸನು ಅವನ ಕೈಯೊಂದನ್ನೂ ಕಾಲೊಂದನ್ನೂ ಕಡಿಸಿದನೆಂದೂ ಅದು ಹಾಡುತ್ತದೆ. ಇದು ಇತಿಹಾಸವಲ್ಲ, ಐತಿಹ್ಯ, ಒಪ್ಪೋಣ. ಆದರೆ ಜನ ಮಾಡಿದವನನ್ನು ಮರೆಯಲು ಒಪ್ಪದೆ ದೈವವಾಗಿ ಇರಿಸಿಕೊಂಡರು. ಶಾಸನ ಬಿಟ್ಟ ಹೆಸರನ್ನು ಹಾಡು ಉಳಿಸಿತು.

ಕತ್ತಿಗೆ ಇನ್ನೊಬ್ಬ ಕರ್ತೃವೂ ಇದ್ದಾನೆ. ಶೆಫೀಲ್ಡಿನಿಂದ ಬಂದ ಅಲಗು ಸಾಣೆಕಲ್ಲಿನ ಮೇಲೆ, ಚರ್ಮದ ಪಟ್ಟಿಯ ಮೇಲೆ ಐವತ್ತು ವರ್ಷ ಆಡಿದಾಗ ಅದರ ಆಕಾರವೇ ಬೇರೆಯಾಗುತ್ತದೆ. ಬೆನ್ನು ಎಷ್ಟು ಸವೆದಿದೆ, ಬಾಯಿ ಎಲ್ಲಿ ಬಾಗಿದೆ ಎಂಬುದರಲ್ಲಿ ಬಳಸಿದವನ ಕೈಬರಹವಿರುತ್ತದೆ. ನಮ್ಮ ಭಾಷೆಯಲ್ಲಿ ಅವನ ಚೀಲಕ್ಕೆ ಹಡಪವೆಂದು ಹೆಸರು. ಎಲೆಯಡಿಕೆಯ ಚೀಲಕ್ಕೂ ಅದೇ ಮಾತು; ಹಡಪದ ಅಪ್ಪಣ್ಣನ ನೆನಪನ್ನು ಹೊತ್ತ ಮಾತು ಅದು. ತುಳುನಾಡಿನಲ್ಲಿ ಈ ವೃತ್ತಿಯವರು ಮಗುವಿನ ಚೌಲದಿಂದ ಹಿಡಿದು ಹಿರಿಯರ ಉತ್ತರಕ್ರಿಯೆಯವರೆಗೆ ಪ್ರತಿ ಮನೆಯ ಬಾಳಿನೊಳಗೂ ಬಂದುಹೋದವರು. ಕಾರ್ಕಳದ ಇಂಥ ಒಬ್ಬ ಹಿರಿಯರಲ್ಲಿ ನಾನೊಮ್ಮೆ ಕತ್ತಿಯ ಹೆಸರನ್ನು ಹೇಗೆ ನಂಬುವುದೆಂದು ಕೇಳಿದೆ. “ಹೆಸರು ಓದುವುದು ನಿಮ್ಮ ಕೆಲಸ ಮಾಷ್ಟ್ರೇ. ನಾನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲ ಆಡಿಸಿ ನೋಡುತ್ತಿದ್ದೆ. ಒಳ್ಳೆಯ ಉಕ್ಕಾದರೆ ಅದೇ ಹೇಳುತ್ತದೆ” ಎಂದರು. ಅಂತಸ್ಸಾಕ್ಷ್ಯವೆಂದು ನಾವು ತರಗತಿಯಲ್ಲಿ ಪಾಠ ಹೇಳುವುದನ್ನು ಅವರು ಉಗುರಿನ ತುದಿಯಲ್ಲಿ ಬಲ್ಲರು.

ಆದ್ದರಿಂದ ಕತ್ತಿ ಸಿಕ್ಕಿದವರಲ್ಲಿ ನನ್ನ ಬಿನ್ನಹವಿಷ್ಟೆ. ಹಿತ್ತಾಳೆಯ ಪಾತ್ರೆಯಂತೆ ಅದನ್ನು ಹುಣಿಸೆಹಣ್ಣು ಬೂದಿಗಳಿಂದ ತಿಕ್ಕಬೇಡಿ. ಫಳಫಳಿಸುವ ಆಸೆಯಲ್ಲಿ ಉಳಿದಿರುವ ಅಕ್ಷರವೂ ಹೋದೀತು. ಎಣ್ಣೆ ಸವರಿ, ಓರೆ ಬೆಳಕಿನಲ್ಲಿ ಹಿಡಿದು, ಕಂಡಷ್ಟನ್ನೇ ಬರೆದುಕೊಳ್ಳಿ. ಕಾಣದ್ದನ್ನು ಊಹೆಯಿಂದ ತುಂಬಬೇಡಿ. ಮಣಿಪಾಲದಲ್ಲಿ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ಕಟ್ಟಿದ ವಿಜಯನಾಥ ಶೆಣೈಯವರು (1934–2017) ಕುಸಿಯುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದಾಗ, ಕುಂಜೂರಿನ ಚೌಕಿಮನೆ ಕುಂಜೂರಿನದಾಗಿಯೇ, ಮಿಯಾರಿನ ಮನೆ ಮಿಯಾರಿನದಾಗಿಯೇ ಉಳಿಯಿತು. ವಸ್ತುವಿನ ಜೊತೆಗೆ ಅದರ ಊರನ್ನೂ ಉಳಿಸುವ ಈ ಕ್ರಮ ಒಂದು ಕತ್ತಿಗೂ ಸಲ್ಲುತ್ತದೆ. ಒಂದು ಚೀಟಿಯಲ್ಲಿ ಅದು ಯಾವ ಮನೆಯದು, ಯಾರು ಎಲ್ಲಿಂದ ತಂದದ್ದು, ಯಾರ ಕೈಯಲ್ಲಿ ಆಡಿದ್ದು ಎಂಬುದನ್ನು ಬರೆದು ಜೊತೆಗಿಡಿ. ಶೆಫೀಲ್ಡಿನ ಹೆಸರನ್ನು ನಾಳೆ ಇನ್ನೊಬ್ಬ ವಿದ್ವಾಂಸ ಪುಸ್ತಕ ನೋಡಿ ಹುಡುಕಿಯಾನು. ಅದನ್ನು ಮಸೆದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಬಲ್ಲ ಹಿರಿಯರು ಮನೆಯ ಜಗಲಿಯಲ್ಲಿ ಕುಳಿತಿರುವಾಗಲೇ ಕೇಳಿ ಬರೆದುಕೊಳ್ಳಬೇಕು.